ಒತ್ತಡದ ಪಾತ್ರೆಗಳೂ ಬೆಸುಗೆಯ ಪರೀಕ್ಷೆಯೂ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕಬ್ಬಿಣ ಬೆಸೆಯುವ ಮಾತೇ ಎಂದು ಸಹಪಾಠಿ ಮಿತ್ರರು ನಗಬಹುದು. ಅರ್ಥಶಾಸ್ತ್ರ, ಚರಿತ್ರೆ, ರಾಜ್ಯಶಾಸ್ತ್ರಗಳನ್ನು ಓದುವ ನನಗೆ ಈ ವಿಷಯದಲ್ಲಿ ಅಧಿಕಾರವಿಲ್ಲವೆಂಬುದೂ ನಿಜ. ಆದರೆ ಈ ವಿಷಯವು ನಮ್ಮ ಮನೆಯೊಳಕ್ಕೇ ಹೊಕ್ಕು, ಒಂದು ತಿಂಗಳ ಕಾಲ ಎರಡು ಮನೆಗಳ ನಡುವೆ ಮಾತು ನಿಲ್ಲಿಸಿದ್ದರಿಂದ, ಅದನ್ನು ತಿಳಿದುಕೊಳ್ಳದೆ ನನಗೆ ವಿಧಿಯಿರಲಿಲ್ಲ. ತಿಳಿದಷ್ಟನ್ನು ಗುರುಗಳ ಹಾಗೂ ಮಿತ್ರರ ಮುಂದೆ ಇಡುತ್ತಿದ್ದೇನೆ.

ನಮ್ಮೂರು ಕನಕಪುರ ತಾಲ್ಲೂಕಿನ ಕೋಡಿಹಳ್ಳಿ. ಹಿಪ್ಪುನೇರಳೆ ಸೊಪ್ಪು, ರೇಷ್ಮೆಹುಳು, ಗೂಡು ಇವೇ ನಮ್ಮ ಕಡೆಯ ಅನೇಕ ಮನೆಗಳ ಜೀವನ. ಗೂಡು ಕನಕಪುರ, ರಾಮನಗರಗಳ ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿಂದ ನೂಲು ಬಿಚ್ಚುವ ರೀಲಿಂಗ್ ಮನೆಗಳಿಗೆ ಬರುತ್ತದೆ. ನಮ್ಮ ದೊಡ್ಡಪ್ಪನವರದು ಅಂತಹುದೊಂದು ರೀಲಿಂಗ್ ಮನೆ. ಗೂಡು ಬೇಯಿಸುವುದಕ್ಕೂ ಬೇಸಿನ್ನಿನ ನೀರು ಕಾಯಿಸುವುದಕ್ಕೂ ಅಲ್ಲಿ ಒಂದು ಬಾಯ್ಲರು ಇದೆ. ಕಳೆದ ಮುಂಗಾರಿನಲ್ಲಿ ಅದರ ಕೆಳಭಾಗದ ಬೆಸುಗೆಯ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ನೀರು ಜಿನುಗತೊಡಗಿತು.

ನನ್ನ ಅಣ್ಣ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ವೆಲ್ಡರು. ಒತ್ತಡದ ಪಾತ್ರೆಗಳನ್ನು ಬೆಸೆಯುವುದೇ ಅವನ ಕೆಲಸ. ಭಾನುವಾರ ಊರಿಗೆ ಬಂದಿದ್ದವನನ್ನು ದೊಡ್ಡಪ್ಪ ಕರೆಸಿದರು. “ಎರಡು ರಾಡು ಸುಟ್ಟರೆ ಮುಗೀತು ಕಣಪ್ಪ, ಹತ್ತು ನಿಮಿಷದ ಕೆಲಸ” ಎಂದರು. ಅಣ್ಣ ಬಗ್ಗಿ ನೋಡಿ, ಬೆಂಕಿ ಆರಿಸಲು ಹೇಳಿ, “ಇದನ್ನ ನಾನು ಮುಟ್ಟೋದಿಲ್ಲ ದೊಡ್ಡಪ್ಪ. ಇಲಾಖೆಯ ಒಪ್ಪಿಗೆ ಬೇಕು, ಆಮೇಲೆ ಪರೀಕ್ಷೆ ಆಗಬೇಕು” ಎಂದನು. ಮನೆಯಲ್ಲಿ ಕೊಂಡು ತಂದ ಗೂಡಿನ ರಾಶಿ. ಗೂಡು ಕಾಯುವ ಪದಾರ್ಥವಲ್ಲ. ಒಳಗಿನ ಹುಳು ಚಿಟ್ಟೆಯಾಗಿ ತೂತು ಮಾಡಿ ಹೊರಬಂದರೆ ನೂಲೆಲ್ಲ ತುಂಡು. ದೊಡ್ಡಪ್ಪ ಸಿಟ್ಟಿನಿಂದ, “ನಿನ್ನ ಕೈಯನ್ನ ನೀನೇ ನಂಬೋದಿಲ್ವೇನೋ?” ಎಂದರು. ಅಣ್ಣ, “ಕೈಯನ್ನ ನಂಬ್ತೀನಿ. ಒಳಗೆ ಏನಾಯ್ತು ಅಂತ ಕೈಗೆ ಕಾಣೋದಿಲ್ಲ” ಎಂದು ಎದ್ದು ಬಂದನು.

ಆ ದಿನ ನನಗೂ ಅಣ್ಣನ ಮೇಲೆ ಕೋಪ ಬಂದಿತ್ತು. ಹತ್ತು ವರ್ಷ ಕೈಪಳಗಿದವನಿಗೆ ಇಷ್ಟು ಅಳುಕೇ ಎಂದು ಕೇಳಿದೆನು. ಅವನು ವಾದಿಸಲಿಲ್ಲ. ಮುಂದಿನ ವಾರ ಮೇಲಧಿಕಾರಿಗಳ ಅನುಮತಿ ಪಡೆದು ನನ್ನನ್ನು ಕಾರ್ಖಾನೆಗೆ ಕರೆದೊಯ್ದನು. ಅಲ್ಲಿ ನೋಡಿದ್ದು, ಆಮೇಲೆ ಅವನಿಂದ ಕೇಳಿದ್ದು ಮತ್ತು ಪುಸ್ತಕಗಳಲ್ಲಿ ಓದಿದ್ದು ಈ ಲೇಖನದ ಆಧಾರ.

ಒತ್ತಡವು ಮಾಡುವ ಕೆಲಸ

ಒಂದು ಮೀಟರು ಅಡ್ಡಳತೆಯ ಉರುಳೆಯಾಕಾರದ ಪಾತ್ರೆಯೊಂದನ್ನು ಊಹಿಸಿಕೊಳ್ಳಿ. ಅದರೊಳಗೆ ಚದರ ಸೆಂಟಿಮೀಟರಿಗೆ 10 ಕಿಲೋಗ್ರಾಂ ಒತ್ತಡವಿದೆಯೆನ್ನೋಣ. ಕೇಳಲು ಇದು ಅಲ್ಪವೆನಿಸುತ್ತದೆ. ಆದರೆ ಪಾತ್ರೆಯ ಒಂದು ತುದಿಯ ಮುಚ್ಚಳದ ಮೇಲೆ ಬೀಳುವ ಒಟ್ಟು ಬಲ ಸುಮಾರು 78 ಟನ್ನು. ಎಂದರೆ ನಾಲ್ಕೈದು ತುಂಬಿದ ಲಾರಿಗಳ ಭಾರ. ಅದನ್ನು ಹಿಡಿದು ನಿಲ್ಲಿಸಿರುವುದು ಕೆಲವೇ ಮಿಲಿಮೀಟರು ದಪ್ಪದ ಉಕ್ಕು ಮತ್ತು ಅದರ ಅಂಚುಗಳನ್ನು ಕೂಡಿಸಿರುವ ಬೆಸುಗೆ.

ಉರುಳೆಯ ಗೋಡೆಯನ್ನು ಒತ್ತಡವು ಎರಡು ದಿಕ್ಕಿನಲ್ಲಿ ಎಳೆಯುತ್ತದೆ. ಸುತ್ತಳತೆಯ ದಿಕ್ಕಿನ ಎಳೆತವು ಉದ್ದದ ದಿಕ್ಕಿನ ಎಳೆತದ ಎರಡರಷ್ಟು. ಆದುದರಿಂದ ಪಾತ್ರೆಯ ಉದ್ದಕ್ಕೆ ಹಾಕಿದ ಬೆಸುಗೆಗೆ, ಸುತ್ತಲೂ ಹಾಕಿದ ಬೆಸುಗೆಗಿಂತ ಇಮ್ಮಡಿ ಕಷ್ಟ. ಬೇಯಿಸಿದ ಗೆಣಸು ಉದ್ದಕ್ಕೆ ಸೀಳುವುದನ್ನು ನಾವೆಲ್ಲ ನೋಡಿಲ್ಲವೆ? ನಮ್ಮ ಅಡುಗೆಮನೆಯ 14.2 ಕಿಲೋಗ್ರಾಂ ಅನಿಲದ ಸಿಲಿಂಡರನ್ನು ಗಮನಿಸಿ. ಬಟ್ಟಲಿನಂತಹ ಎರಡು ಅರ್ಧಗಳನ್ನು ಒತ್ತಿ ತಯಾರಿಸಿ, ನಡುವೆ ಸುತ್ತಲೂ ಒಂದೇ ಬೆಸುಗೆಯಿಂದ ಕೂಡಿಸಿರುತ್ತಾರೆ. ಅದರ ಹೊಟ್ಟೆಯ ಉದ್ದಕ್ಕೆ ಬೆಸುಗೆಯೇ ಇಲ್ಲ. ಇಮ್ಮಡಿ ಎಳೆತವಿರುವ ಕಡೆ ಜೋಡಣೆಯೇ ಬೇಡವೆಂಬ ಈ ಜಾಣತನವನ್ನು ನಾನು ದಿನವೂ ನೋಡುತ್ತಿದ್ದರೂ ಕಂಡಿರಲಿಲ್ಲ.

ಬೆಸುಗೆಯೊಳಗೆ ಅಡಗುವ ದೋಷಗಳು

ವಿದ್ಯುತ್ತಿನ ಕಿಡಿಯಲ್ಲಿ ರಾಡೂ ಪ್ಲೇಟಿನ ಅಂಚೂ ಕರಗಿ ಒಂದಾಗಿ ಹೆಪ್ಪುಗಟ್ಟುವುದೇ ಬೆಸುಗೆ. ಈ ಕೆಲವು ಕ್ಷಣಗಳಲ್ಲಿ ಅನೇಕ ತಪ್ಪುಗಳು ನಡೆಯಬಹುದು. ಅನಿಲ ಹೊರಹೋಗದೆ ಗುಳ್ಳೆಗಳಾಗಿ ಉಳಿಯಬಹುದು. ರಾಡಿನ ಮೇಲಿನ ಲೇಪ ಕರಗಿ ಆದ ಕಿಟ್ಟವು ಒಳಗೆ ಸಿಕ್ಕಿಕೊಳ್ಳಬಹುದು. ಕರಗಿದ ಲೋಹವು ಅಂಚಿನೊಡನೆ ಬೆರೆಯದೆ ಸುಮ್ಮನೆ ಒರಗಿ ಕೂರಬಹುದು. ಇಲ್ಲವೆ ಸಂದಿನ ಬುಡದವರೆಗೆ ಇಳಿಯದೆ ನಿಲ್ಲಬಹುದು. ಎಲ್ಲಕ್ಕಿಂತ ಕೆಟ್ಟದ್ದು ಬಿರುಕು. ಮೇಲೆ ನೋಡಿದರೆ ಬೆಸುಗೆ ಮೀನಿನ ಹುರುಪೆಯಂತೆ ಅಂದವಾಗಿಯೇ ಇರುತ್ತದೆ.

ಒಂದು ಬಗೆಯ ಬಿರುಕಂತೂ ತಡವಾಗಿ ಹುಟ್ಟುತ್ತದೆ. ರಾಡಿನ ಲೇಪವು ತೇವ ಹೀರಿಕೊಂಡಿದ್ದರೆ ಆ ತೇವದ ಜಲಜನಕವು ಕರಗಿದ ಲೋಹದೊಳಕ್ಕೆ ಸೇರುತ್ತದೆ. ಬೆಸುಗೆಯ ಪಕ್ಕದ ಉಕ್ಕು ಬೇಗ ತಣ್ಣಗಾಗಿ ಗಡುಸಾಗಿದ್ದರೆ, ಗಂಟೆಗಳು ಕಳೆದ ಮೇಲೆ, ಕೆಲವೊಮ್ಮೆ ಎರಡು ದಿನಗಳ ಮೇಲೆ, ಅಲ್ಲಿ ಬಿರುಕು ಬಿಡುತ್ತದೆ. ಅದಕ್ಕಾಗಿಯೇ ರಾಡುಗಳನ್ನು ಒಲೆಯಲ್ಲಿ ಒಣಗಿಸಿ ಬಿಸಿಯಾಗಿಯೇ ಕೈಗೆ ಕೊಡುವುದು. ಕೆಲವು ಉಕ್ಕುಗಳ ಬೆಸುಗೆಯನ್ನು 48 ಗಂಟೆ ಬಿಟ್ಟು ಪರೀಕ್ಷಿಸುವುದು. ನಿನ್ನೆ ಸರಿಯಾಗಿದ್ದ ಬೆಸುಗೆ ಇಂದು ಸರಿಯಿರುತ್ತದೆಂದು ಬೆಸೆದವನೂ ಹೇಳಲಾರನು.

ಪರೀಕ್ಷೆಯ ಮೂರು ಕಾಲಗಳು

ಬೆಸುಗೆಯ ಪರೀಕ್ಷೆಯು ಬೆಸುಗೆ ಮುಗಿದ ಮೇಲೆ ಆರಂಭವಾಗುತ್ತದೆಂದು ನಾನು ತಿಳಿದಿದ್ದೆನು. ಅದು ಬೆಸುಗೆಗೆ ಮೊದಲೇ ಆರಂಭವಾಗುತ್ತದೆ.

ಮೊದಲನೆಯದು ವಿಧಾನದ ಪರೀಕ್ಷೆ. ಯಾವ ಉಕ್ಕು, ಯಾವ ರಾಡು, ಎಷ್ಟು ವಿದ್ಯುತ್ತು, ಮೊದಲು ಎಷ್ಟು ಬಿಸಿ ಮಾಡಬೇಕು ಎಂಬುದನ್ನೆಲ್ಲ ಬರೆದಿಟ್ಟು, ಅದರಂತೆ ಒಂದು ಮಾದರಿ ಪ್ಲೇಟನ್ನು ಬೆಸೆದು, ಪಟ್ಟಿಗಳಾಗಿ ಕತ್ತರಿಸುತ್ತಾರೆ. ಕೆಲವು ಪಟ್ಟಿಗಳನ್ನು ಹರಿಯುವವರೆಗೆ ಎಳೆಯುತ್ತಾರೆ; ಕೆಲವನ್ನು ಕೊಕ್ಕೆಯಂತೆ ಪೂರ್ತಿ ಬಗ್ಗಿಸುತ್ತಾರೆ. ಬಗ್ಗಿದ ಮೈಯಲ್ಲಿ 3 ಮಿಲಿಮೀಟರಿಗಿಂತ ಹೆಚ್ಚು ಸೀಳು ತೆರೆದರೆ ಸಾಮಾನ್ಯವಾಗಿ ಆ ವಿಧಾನ ತಿರಸ್ಕೃತ. ಆಮೇಲೆ ವೆಲ್ಡರಿಗೂ ಇಂತಹುದೇ ಪರೀಕ್ಷೆ. ಅಮೆರಿಕದ ಯಂತ್ರಶಿಲ್ಪಿಗಳ ಸಂಘದ ನಿಯಮಾವಳಿಯಂತೆ, ತೇರ್ಗಡೆಯಾದ ವೆಲ್ಡರು ಆರು ತಿಂಗಳ ಕಾಲ ಆ ಬಗೆಯ ಬೆಸುಗೆ ಮಾಡದಿದ್ದರೆ ಅವನ ಅರ್ಹತೆ ಮುಗಿದಂತೆ. ಸಂಗೀತಗಾರನ ಸಾಧನೆಗೂ ಇದೇ ನಿಯಮವಿದ್ದಂತಿದೆ!

ಎರಡನೆಯದು ಮುರಿಯದೆ ನೋಡುವ ಪರೀಕ್ಷೆ. ಇದರಲ್ಲಿ ಹಲವು ವಿಧಗಳಿವೆ. ಅತ್ಯಂತ ಸರಳವಾದುದು ಸೀಮೆಎಣ್ಣೆಯ ಪರೀಕ್ಷೆ: ಬೆಸುಗೆಯ ಒಂದು ಮಗ್ಗುಲಿಗೆ ಸೀಮೆಸುಣ್ಣದ ನೀರು ಬಳಿದು ಒಣಗಿಸಿ, ಇನ್ನೊಂದು ಮಗ್ಗುಲಿಗೆ ಸೀಮೆಎಣ್ಣೆ ಹಚ್ಚುವುದು. ಆರುಪಾರು ತೂತಿದ್ದರೆ ಬಿಳುಪಿನ ಮೇಲೆ ಕಲೆ ಮೂಡುತ್ತದೆ. ಮೇಲ್ಮೈಯ ಬಿರುಕಿಗೆ ಕೆಂಪು ದ್ರವ ಹಚ್ಚಿ, ಒರೆಸಿ, ಬಿಳಿಯ ಪುಡಿ ಸಿಂಪಡಿಸುತ್ತಾರೆ. ಬಿರುಕು ನುಂಗಿದ್ದ ಕೆಂಪು ಹೊರಬಂದು ಗೆರೆಯಾಗುತ್ತದೆ. ಒಳಗಿನ ದೋಷಕ್ಕೆ ಎಕ್ಸ್-ರೇ, ಇಲ್ಲವೆ ಇರಿಡಿಯಂ 192 ಎಂಬ ವಿಕಿರಣ ಧಾತುವಿನ ಗಾಮಾ ಕಿರಣಗಳಿಂದ ಚಿತ್ರ ತೆಗೆಯುತ್ತಾರೆ. ಗುಳ್ಳೆ, ಕಿಟ್ಟಗಳಿರುವಲ್ಲಿ ಕಿರಣ ಹೆಚ್ಚು ದಾಟಿ ಫಿಲ್ಮು ಕಪ್ಪಾಗುತ್ತದೆ. ಬೆಸುಗೆಯ ಮೇಲೆ ಬೇರೆ ಬೇರೆ ಗಾತ್ರದ ಸಣ್ಣ ತಂತಿಗಳನ್ನು ಇಟ್ಟು ಚಿತ್ರ ತೆಗೆಯುವುದು ವಾಡಿಕೆ. ನಿಗದಿಯಾದ ತಂತಿಯೇ ಚಿತ್ರದಲ್ಲಿ ಕಾಣದಿದ್ದರೆ ಆ ಚಿತ್ರವನ್ನೇ ನಂಬುವುದಿಲ್ಲ. ಪರೀಕ್ಷೆಗೂ ಪರೀಕ್ಷೆಯುಂಟೆಂದು ಇದರಿಂದ ತಿಳಿಯಿತು. ಆದರೂ ಕಿರಣದ ದಿಕ್ಕಿಗೆ ಅಡ್ಡಲಾಗಿ ಮಲಗಿದ ತೆಳು ಬಿರುಕು ಚಿತ್ರದಲ್ಲಿ ತಪ್ಪಿಸಿಕೊಳ್ಳಬಹುದು. ಅಂತಹುದನ್ನು ಕಿವಿಗೆ ಕೇಳದ ಶಬ್ದದ ಅಲೆಗಳನ್ನು ಕಳಿಸಿ, ಮರುದನಿಯಿಂದ ಹಿಡಿಯುತ್ತಾರೆ.

ನಾನು ಹೋದ ದಿನ ಬೆಳಕಿನ ಪೆಟ್ಟಿಗೆಯ ಮೇಲೆ ಅಣ್ಣನದೇ ಒಂದು ಬೆಸುಗೆಯ ಫಿಲ್ಮು ಇತ್ತು. ಬಿಳಿಯ ಪಟ್ಟಿಯ ನಡುವೆ ಅಕ್ಕಿಕಾಳಿನಷ್ಟು ಉದ್ದದ ಕಪ್ಪು ಗೆರೆ. ಅದು ಕಿಟ್ಟ. ತಪಾಸಣೆಯವರು ಅಳತೆಪಟ್ಟಿ ಇಟ್ಟು, 8 ಮಿಲಿಮೀಟರು ಎಂದು ಬರೆದರು. 19 ಮಿಲಿಮೀಟರಿನವರೆಗಿನ ದಪ್ಪಕ್ಕೆ 6 ಮಿಲಿಮೀಟರಿಗಿಂತ ಉದ್ದದ ಕಿಟ್ಟ ಸಲ್ಲದು. ಬಿರುಕಾಗಲಿ, ಬೆರೆಯದೆ ಉಳಿದ ಜಾಗವಾಗಲಿ ಎಷ್ಟು ಚಿಕ್ಕದಾದರೂ ಸಲ್ಲದು. ಅಣ್ಣ ಮರುಮಾತಿಲ್ಲದೆ ಗ್ರೈಂಡರು ತೆಗೆದುಕೊಂಡು ತನ್ನ ಬೆಸುಗೆಯನ್ನು ತಾನೇ ಕೊರೆದು ತೆಗೆದು ಮತ್ತೆ ಬೆಸೆದನು. “ಮೇಲೆ ನೋಡಿದಾಗ ಇದೇ ನನಗೆ ಚೆನ್ನಾಗಿ ಕಂಡಿತ್ತು” ಎಂದಷ್ಟೇ ಹೇಳಿದನು. ದೊಡ್ಡಪ್ಪನ ಮನೆಯಲ್ಲಿ ಅವನು ಆಡಿದ ಮಾತಿನ ಅರ್ಥ ನನಗೆ ಆಗ ಹೊಳೆಯಿತು.

ಮೂರನೆಯದು ನೀರಿನ ಒತ್ತಡದ ಪರೀಕ್ಷೆ. ಪಾತ್ರೆಯ ತುಂಬ ನೀರು ತುಂಬಿ, ಗಾಳಿಯನ್ನೆಲ್ಲ ಹೊರಬಿಟ್ಟು, ಪಂಪಿನಿಂದ ಒತ್ತಡ ಏರಿಸುತ್ತಾರೆ. ಅಮೆರಿಕದ ನಿಯಮಾವಳಿಯಲ್ಲಿ ಇದು ಸಾಮಾನ್ಯವಾಗಿ ಅನುಮತಿಸಿದ ಒತ್ತಡದ 1.3 ಪಟ್ಟು, ಕೆಲಸದ ಉಷ್ಣತೆ ಹೆಚ್ಚಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ನಮ್ಮ ಅಡುಗೆ ಅನಿಲದ ಸಿಲಿಂಡರಿಗೆ ಚದರ ಸೆಂಟಿಮೀಟರಿಗೆ 25 ಕಿಲೋಗ್ರಾಂ. ನೀರೇ ಏಕೆ, ಗಾಳಿ ಏಕಾಗದು? ನೀರು ಕುಗ್ಗುವುದು ಅತ್ಯಲ್ಪ. ಪಾತ್ರೆ ಸೀಳಿದರೆ ನೀರು ಚಿಮ್ಮಿ ಒತ್ತಡ ಕೂಡಲೇ ಇಳಿದುಹೋಗುತ್ತದೆ. ಗಾಳಿ ಕುಗ್ಗಿ ಕುಳಿತಿರುತ್ತದೆ. ಬಿಟ್ಟರೆ ಸಿಡಿಮದ್ದಿನಂತೆ ಹಿಗ್ಗುತ್ತದೆ. ಬಾಯ್ಲರಿನ ಭಯವೂ ಇದೇ. ಒಂದು ಲೀಟರು ನೀರು ಬಯಲಿನಲ್ಲಿ ಸುಮಾರು 1,600 ಲೀಟರು ಆವಿಯಾಗುತ್ತದೆ. ಕುದಿಬಿಂದುವಿಗಿಂತ ಹೆಚ್ಚು ಕಾದು ಒತ್ತಡದಲ್ಲಿ ಬಂಧಿತವಾದ ನೀರಿಗೆ ಹಠಾತ್ತನೆ ಬಾಗಿಲು ತೆರೆದರೆ ಅದರಲ್ಲೊಂದು ಭಾಗ ಆ ಕ್ಷಣವೇ ಆವಿಯಾಗುತ್ತದೆ.

ನಂಬಿಕೆಯ ಅಳತೆ

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಅತ್ಯಂತ ಹಿಡಿಸಿದ ಭಾಗವಿದು. ಪ್ರತಿಯೊಂದು ಬೆಸುಗೆಯನ್ನೂ ಚಿತ್ರ ತೆಗೆದು ನೋಡಲೇಬೇಕೆಂದು ನಿಯಮವು ಹೇಳುವುದಿಲ್ಲ. ಆದರೆ ನೋಡದಿದ್ದರೆ ಅದಕ್ಕೆ ಬೆಲೆ ತೆರಬೇಕೆನ್ನುತ್ತದೆ. ಇದನ್ನು ಜೋಡಣೆಯ ದಕ್ಷತೆ ಎನ್ನುತ್ತಾರೆ. ಎರಡೂ ಕಡೆಯಿಂದ ಬೆಸೆದ ಸಂದನ್ನು ಪೂರ್ತಿಯಾಗಿ ಚಿತ್ರ ತೆಗೆದು ನೋಡಿದ್ದರೆ ಅದರ ದಕ್ಷತೆ 1. ಎಂದರೆ ಬೆಸುಗೆಯು ಪ್ಲೇಟಿಗೆ ಸಮ. ಅಲ್ಲಲ್ಲಿ ಮಾತ್ರ ನೋಡಿದ್ದರೆ 0.85. ನೋಡಿಯೇ ಇಲ್ಲದಿದ್ದರೆ 0.70. ಒಳ್ಳೆಯ ಬೆಸುಗೆಯೇ ಇರಬಹುದು. ಆದರೂ ನೋಡದ ಬೆಸುಗೆಯನ್ನು ನೂರಕ್ಕೆ ಎಪ್ಪತ್ತರಷ್ಟು ಮಾತ್ರ ನಂಬುತ್ತೇನೆಂದು ನಿಯಮವು ಹೇಳುತ್ತದೆ.

ಲೆಕ್ಕ ಹಾಕಿ ನೋಡೋಣ. ಮೇಲೆ ಹೇಳಿದ ಪಾತ್ರೆಯ ತ್ರಿಜ್ಯ 50 ಸೆಂಟಿಮೀಟರು, ಒತ್ತಡ 10 ಕಿಲೋಗ್ರಾಂ, ಉಕ್ಕಿನ ಮೇಲೆ ಹೊರಿಸಬಹುದಾದ ಎಳೆತ ಚದರ ಸೆಂಟಿಮೀಟರಿಗೆ 1,400 ಕಿಲೋಗ್ರಾಂ ಎನ್ನೋಣ. ಒತ್ತಡವನ್ನು ತ್ರಿಜ್ಯದಿಂದ ಗುಣಿಸಿದರೆ 500. ಉಕ್ಕಿನ ಎಳೆತವನ್ನು ದಕ್ಷತೆಯಿಂದ ಗುಣಿಸಿ, ಅದರಲ್ಲಿ ಒತ್ತಡದ 0.6 ಭಾಗ ಕಳೆದು, ಬಂದ ಸಂಖ್ಯೆಯಿಂದ ಈ 500ನ್ನು ಭಾಗಿಸಬೇಕು. ಪೂರ್ತಿ ನೋಡಿದ ಬೆಸುಗೆಗೆ ದಪ್ಪ 3.6 ಮಿಲಿಮೀಟರು ಸಾಕು. ಅಲ್ಲಲ್ಲಿ ನೋಡಿದ್ದಕ್ಕೆ 4.2, ನೋಡದ್ದಕ್ಕೆ 5.1. ತುಕ್ಕಿಗೆಂದು ಸೇರಿಸುವ ದಪ್ಪ ಇದರ ಮೇಲೆ. ಎಂದರೆ ನೋಡದೆ ಉಳಿಸಿದ ಖರ್ಚನ್ನು ಉಕ್ಕಿನಲ್ಲಿ ತೆರಬೇಕು. ಅಪನಂಬಿಕೆಗೂ ಮಾರುಕಟ್ಟೆಯ ದರ ಕಟ್ಟಿದ್ದಾರೆ!

ಭಾರತೀಯ ಮಾನಕ 2825 ಎಂಬ 1969ರ ನಿಯಮಾವಳಿಯೂ, ಬೆಂಕಿ ತಾಗದ ಒತ್ತಡದ ಪಾತ್ರೆಗಳನ್ನು ಇದೇ ನ್ಯಾಯದಿಂದ ಮೂರು ವರ್ಗವಾಗಿ ವಿಂಗಡಿಸಿದೆ: ಪೂರ್ತಿ ಚಿತ್ರ ತೆಗೆಯುವುದು ಮೊದಲನೆಯ ವರ್ಗ, ಅಲ್ಲಲ್ಲಿ ತೆಗೆಯುವುದು ಎರಡನೆಯದು, ತೆಗೆಯದಿರುವುದು ಮೂರನೆಯದು. ಆದರೆ ಎಲ್ಲ ಕಡೆಯೂ ಬೆಲೆ ತೆತ್ತು ತಪ್ಪಿಸಿಕೊಳ್ಳುವಂತಿಲ್ಲ. ಪ್ರಾಣಾಂತಕ ವಿಷಾನಿಲ ತುಂಬುವ ಪಾತ್ರೆಗೆ ಪೂರ್ತಿ ಪರೀಕ್ಷೆ ಕಡ್ಡಾಯ. ಅಮೆರಿಕದ ನಿಯಮದಲ್ಲಿ ಸಾಮಾನ್ಯ ಉಕ್ಕು 32 ಮಿಲಿಮೀಟರಿಗಿಂತ ದಪ್ಪವಾದರೂ ಹಾಗೆಯೇ.

ಅಲ್ಲಲ್ಲಿ ನೋಡುವುದಕ್ಕೂ ಒಂದು ನ್ಯಾಯವಿದೆ. ಪ್ರತಿ 15 ಮೀಟರು ಬೆಸುಗೆಗೆ ಒಂದು ಕಡೆ, ಕನಿಷ್ಠ 15 ಸೆಂಟಿಮೀಟರು ಉದ್ದದ ಚಿತ್ರ. ಅದು ಕೆಟ್ಟಿದ್ದರೆ ಅದೇ ಭಾಗದಲ್ಲಿ ಇನ್ನೆರಡು ಕಡೆ ಚಿತ್ರ. ಅವೆರಡೂ ಸರಿಯಿದ್ದರೆ ಮೊದಲ ದೋಷವನ್ನು ತಿದ್ದಿದರೆ ಸಾಕು. ಎರಡರಲ್ಲಿ ಒಂದು ಕೆಟ್ಟಿದ್ದರೂ ಆ ಭಾಗವನ್ನೆಲ್ಲ ಬಿಚ್ಚಿ ಬೆಸೆಯಬೇಕು, ಇಲ್ಲವೆ ಪೂರ್ತಿ ಚಿತ್ರ ತೆಗೆದು ತಿದ್ದಬೇಕು. ಒಂದು ತಪ್ಪಿಗೆ ಶಿಕ್ಷೆಯಿಲ್ಲ, ವಿಚಾರಣೆಯಿದೆ. ನಮ್ಮ ನ್ಯಾಯಶಾಸ್ತ್ರಕ್ಕೂ ಒಪ್ಪುವ ಕ್ರಮವಲ್ಲವೆ?

ತೇಪೆಯ ಬೆಸುಗೆಯೊಂದು ಕಲಿಸಿದ ಪಾಠ

ಹೊಸ ಪಾತ್ರೆಗಿಂತ ರಿಪೇರಿಯಾದ ಪಾತ್ರೆಯಲ್ಲಿ ಹೆಚ್ಚು ಎಚ್ಚರ ಬೇಕೆಂಬುದಕ್ಕೆ ಒಂದು ನಿದರ್ಶನವಿದೆ. ಅಮೆರಿಕದ ಇಲಿನಾಯ್ ರಾಜ್ಯದ ರೋಮಿಯೋವಿಲ್ ಎಂಬಲ್ಲಿನ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ, ಸುಮಾರು 25 ಮಿಲಿಮೀಟರು ದಪ್ಪದ ಎತ್ತರದ ಪಾತ್ರೆಯೊಂದಿತ್ತು. 1974ರಲ್ಲಿ ಅದರ ಹಾಳಾದ ಒಂದು ಸುತ್ತನ್ನು ತೆಗೆದು ಹೊಸ ಸುತ್ತು ಬೆಸೆದರು. ಬೆಸೆದ ಮೇಲೆ ಸುಮಾರು 600 ಡಿಗ್ರಿಗೆ ಕಾಯಿಸಿ ನಿಧಾನವಾಗಿ ಆರಿಸಿದ್ದರೆ ಗಡುಸಾದ ಲೋಹ ಮೆದುವಾಗುತ್ತಿತ್ತು, ಅದನ್ನು ಮಾಡಲಿಲ್ಲ. ಆ ಗಡುಸು ಭಾಗಕ್ಕೆ ಒಳಗಿನ ದ್ರವದ ಜಲಜನಕ ಸೇರಿ, ವರ್ಷಗಳ ಕಾಲ ಕಣ್ಣಿಗೆ ಬೀಳದೆ ಬಿರುಕು ಬೆಳೆಯಿತು. 1984ರ ಜುಲೈ 23ರಂದು ಪಾತ್ರೆಯು ಆ ಬೆಸುಗೆಯ ಸುತ್ತಲೇ ಹರಿದು, ಮೇಲಿನ ಭಾಗ ಸುಮಾರು ಒಂದು ಕಿಲೋಮೀಟರು ದೂರ ಹಾರಿ ಬಿದ್ದಿತು. 17 ಮಂದಿ ಸತ್ತರು. ಸುತ್ತಿನ ಬೆಸುಗೆಗೆ ಅರ್ಧದಷ್ಟೇ ಎಳೆತವೆಂದು ಮೇಲೆ ಹೇಳಿದೆನಷ್ಟೆ. ಬಿರುಕು ಹೊಕ್ಕಮೇಲೆ ಆ ಅರ್ಧವೂ ಸಾಕಾಯಿತು.

ಶಾಸನದ ಹಿಂದಿನ ಸಾವುಗಳು

ಚರಿತ್ರೆಯ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೊಂದಿದೆ. 1863ರಲ್ಲಿ ಕಲ್ಕತ್ತದಲ್ಲಿ ಬಾಯ್ಲರೊಂದು ಸಿಡಿದು ಹಲವರು ಸತ್ತರು; ಮರುವರ್ಷವೇ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾನೂನು ಬಂದಿತು. ಅಮೆರಿಕದ ಬ್ರಾಕ್‌ಟನ್ ನಗರದ ಪಾದರಕ್ಷೆ ಕಾರ್ಖಾನೆಯಲ್ಲಿ 1905ರ ಮಾರ್ಚ್ 20ರಂದು ಬಾಯ್ಲರು ಸಿಡಿದು 58 ಮಂದಿ ಸತ್ತರು. ಆ ಬಳಿಕ 1907ರಲ್ಲಿ ಆ ರಾಜ್ಯದ ಕಾನೂನೂ, 1915ರಲ್ಲಿ ಯಂತ್ರಶಿಲ್ಪಿಗಳ ಸಂಘದ ನಿಯಮಾವಳಿಯೂ ಹೊರಬಂದವು. ನಮ್ಮಲ್ಲಿ 1923ರ ಭಾರತೀಯ ಬಾಯ್ಲರ್ ಅಧಿನಿಯಮ ಒಂದು ಶತಮಾನ ಬಾಳಿ, 2025ರ ಮೇ 1ರಿಂದ ಹೊಸ ಬಾಯ್ಲರ್ ಅಧಿನಿಯಮಕ್ಕೆ ಸ್ಥಾನ ಬಿಟ್ಟುಕೊಟ್ಟಿದೆ. 25 ಲೀಟರಿಗಿಂತ ಕಡಿಮೆ ಹಿಡಿಯುವ, ಇಲ್ಲವೆ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂಗಿಂತ ಕಡಿಮೆ ಒತ್ತಡದ ಪಾತ್ರೆಗಳು ಇದರ ಹೊರಗೆ. ಉಳಿದ ಬಾಯ್ಲರುಗಳನ್ನು ನೋಂದಾಯಿಸಬೇಕು, ಕಾಲಕಾಲಕ್ಕೆ ತಪಾಸಣೆ ಮಾಡಿಸಬೇಕು, ಅನುಮತಿಯಿಲ್ಲದೆ ಅವುಗಳ ರಚನೆಯನ್ನು ಮಾರ್ಪಡಿಸಬಾರದು. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ. ಕಾನೂನಿನ ಪುಸ್ತಕದ ಒಣ ವಾಕ್ಯಗಳ ಹಿಂದೆ ಯಾರದೋ ಮನೆಯ ಅಳು ಇದೆಯೆಂಬುದು ನನಗೆ ತರಗತಿಯಲ್ಲಿ ಹೊಳೆದಿರಲಿಲ್ಲ.

ಕೊನೆಯ ಮಾತು

ದೊಡ್ಡಪ್ಪನವರ ಬಾಯ್ಲರಿನ ಕತೆ ಹೇಳಿ ಮುಗಿಸುತ್ತೇನೆ. ಇಲಾಖೆಗೆ ಅರ್ಜಿ ಹೋಯಿತು; ಅಧಿಕೃತ ರಿಪೇರಿಯವರು ಬಂದರು. ತೂತಿನ ಸುತ್ತಲಿನ ಪ್ಲೇಟನ್ನು ಶಬ್ದದ ಅಲೆಗಳಿಂದ ಅಳೆದಾಗ, ಹೊರಗೆ ನುಣ್ಣಗಿದ್ದ ಉಕ್ಕು ಒಳಗಿನಿಂದ ತುಕ್ಕು ತಿಂದು, ಅಂಗೈಯಗಲದಷ್ಟು ಜಾಗದಲ್ಲಿ ಅರ್ಧಕ್ಕಿಂತ ತೆಳ್ಳಗಾಗಿತ್ತು. ತೂತು ಕೇವಲ ಅದರ ತುದಿ. ಅದರ ಮೇಲೆ ಎರಡು ರಾಡು ಸುಟ್ಟಿದ್ದರೆ ಜಿನುಗು ನಿಲ್ಲುತ್ತಿತ್ತು. ತೆಳುವಾದ ಉಕ್ಕು ತೆಳುವಾಗಿಯೇ ಉಳಿಯುತ್ತಿತ್ತು. ಆ ಭಾಗವನ್ನು ಕತ್ತರಿಸಿ ಹೊಸ ಪ್ಲೇಟು ಬೆಸೆದು, ಚಿತ್ರ ತೆಗೆದು, ನೀರಿನ ಪರೀಕ್ಷೆ ಮುಗಿಸುವಷ್ಟರಲ್ಲಿ ಹನ್ನೊಂದು ದಿನ ಕಳೆದವು. ಗೂಡನ್ನು ಸಿಕ್ಕ ಬೆಲೆಗೆ ಬೇರೆಯವರಿಗೆ ಕೊಡಬೇಕಾಯಿತು. ಆ ಬಾಯ್ಲರಿನ ಮುಂದೆ ದಿನವೂ ಆರು ಜನ ಹೆಂಗಸರು ಕುಳಿತು ನೂಲು ಬಿಚ್ಚುತ್ತಾರೆ. ಅವರಲ್ಲೊಬ್ಬರು ನಮ್ಮ ದೊಡ್ಡಮ್ಮ.

ತಿಂಗಳ ಮೇಲೆ ದೊಡ್ಡಪ್ಪ ನಮ್ಮ ಮನೆಯ ಜಗಲಿಗೆ ಬಂದು ಕುಳಿತರು. ನಷ್ಟದ ಮಾತನ್ನು ಈಗಲೂ ಆಡುತ್ತಾರೆ. ಆಡಬಾರದೆನ್ನಲು ನಾವು ಯಾರು? ಆದರೆ ಅಂದು ಹೋಗುವಾಗ ಅಣ್ಣನನ್ನು, “ನಿಮ್ಮ ದೊಡ್ಡಮ್ಮನ ಸಿಲಿಂಡರಿನ ಮೇಲೆ ಅದೇನೋ ಅಕ್ಷರ ಬರೆದಿರ್ತಾರಂತಲ್ಲ, ನೋಡಿ ಹೇಳು ಬಾ” ಎಂದು ಕರೆದರು.

ಆ ಅಕ್ಷರದ ಅರ್ಥವನ್ನು ಮಿತ್ರರಿಗೂ ತಿಳಿಸುವುದು ಉಚಿತ. ಸಿಲಿಂಡರಿನ ಹಿಡಿಯ ಕೆಳಗಿನ ಪಟ್ಟಿಯಲ್ಲಿ ಇಂಗ್ಲಿಷಿನ ಎ, ಬಿ, ಸಿ, ಡಿಗಳಲ್ಲಿ ಒಂದಕ್ಷರವೂ ಎರಡಂಕಿಗಳೂ ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲಿನಿಂದ ಜೂನ್, ಸಿ ಎಂದರೆ ಜುಲೈಯಿಂದ ಸೆಪ್ಟೆಂಬರ್, ಡಿ ಎಂದರೆ ಅಕ್ಟೋಬರಿನಿಂದ ಡಿಸೆಂಬರ್. ಅಂಕಿಗಳು ವರ್ಷವನ್ನು ಸೂಚಿಸುತ್ತವೆ. ಅದು ಮುಂದಿನ ಪರೀಕ್ಷೆ ನಡೆಯಬೇಕಾದ ಕಾಲ. ಅವಧಿ ಮೀರಿದ್ದರೆ ಸಿಲಿಂಡರನ್ನು ತೆಗೆದುಕೊಳ್ಳದೆ ಹಿಂದಿರುಗಿಸಬೇಕು. ಇಂದು ಸಂಜೆ ಮನೆಗೆ ಹೋದೊಡನೆ ಎಲ್ಲರೂ ಒಮ್ಮೆ ಬಗ್ಗಿ ನೋಡುವರೆಂದು ನಂಬಿದ್ದೇನೆ.